ಸೊಟ್ಟಕ್ಕನ ದಾಳಿಂಬೆ

ನೆಟ್ಟಗಿರುವ ಕೊಂಬೆ ಅವಳಿಗೆ ಬೇಡ. ಗಿಡ ಮಾರುವವನ ಮುಂದೆ ನಿಂತು, ಚೆನ್ನಾಗಿ ಬೆಳೆದವನ್ನೆಲ್ಲ ಪಕ್ಕಕ್ಕೆ ಸರಿಸಿ, ಮೂಲೆಯಲ್ಲಿ ಗೋಡೆಗೆ ಒರಗಿಕೊಂಡ ಬಡಕಲು ಗಿಡವನ್ನೇ ಎತ್ತಿಕೊಳ್ಳುವಳು. ಅದಕ್ಕೇ ಬೀದಿಯವರು ಅವಳನ್ನು ಸೊಟ್ಟಕ್ಕ ಎಂದು ಕರೆದರು. ಅವಳೇನೂ ಬೇಸರ ಮಾಡಿಕೊಳ್ಳಲಿಲ್ಲ. ಕರೆದರೆ ಓ ಎನ್ನುವಳು.

ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಹರಿದ ಹೊದಿಕೆಗಳಿಗೆ ತೇಪೆ ಹಾಕುವುದು ಅವಳ ಕೆಲಸ. ಒಮ್ಮೆ ಪರದೆ ಹೊಲಿದುಕೊಡಲು ಹೋದ ಮನೆಯಲ್ಲಿ ಒಬ್ಬ ಟೀಚರು ಜಪಾನಿನವರ ಹೂಜೋಡಣೆ ಕಲಿಸುತ್ತಿದ್ದರು. ಅಗಲವಾದ ಬಟ್ಟಲು, ಅದರ ತಳದಲ್ಲಿ ಮೈತುಂಬ ಸೂಜಿಮೊಳೆ ಇರುವ ಭಾರದ ಬಿಲ್ಲೆ, ಆ ಮೊಳೆಗಳಿಗೆ ಚುಚ್ಚಿ ನಿಲ್ಲಿಸಿದ ಮೂರೇ ಕೊಂಬೆ: ಉದ್ದದ್ದೊಂದು, ನಡುವಿನದೊಂದು, ಗಿಡ್ಡದ್ದೊಂದು. ಮಿಕ್ಕಿದ್ದೆಲ್ಲ ಖಾಲಿ ಜಾಗ. ಸೊಟ್ಟಕ್ಕ ಪರದೆ ಕೈಯಲ್ಲಿ ಹಿಡಿದುಕೊಂಡೇ ಪಾಠ ಮುಗಿಯುವವರೆಗೆ ನಿಂತಳು. ಮುಂದಿನ ವಾರದಿಂದ ಕೂತಳು.

ಹೂವಿನಂಗಡಿಯ ಕೊಂಬೆಗಳು ಪೊರಕೆಕಡ್ಡಿಯ ಹಾಗೆ. ಬಾಗಿದ ಕೊಂಬೆ ಬೇಕೆಂದರೆ ಮನೆಯಲ್ಲೇ ಬೆಳೆಸಬೇಕು. ಅಡುಗೆಮನೆ ಗೋಡೆಗೂ ಮಹಡಿ ಮೆಟ್ಟಿಲಿಗೂ ನಡುವೆ ಇದ್ದ ಸಣ್ಣ ಪಟ್ಟಿ ಮಣ್ಣಿನಲ್ಲಿ ಅವಳು ಕಣಗಿಲೆ, ದಾಳಿಂಬೆ, ಒಂದು ಕಾಡುಗುಲಾಬಿ ನೆಟ್ಟಳು. ಎಳೆಯ ಕೊಂಬೆಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗಾಗಲು ಬಿಡಬೇಕು. ಎರಡು ಹೆಬ್ಬೆರಳನ್ನೂ ಜೋಡಿಸಿ ಇಷ್ಟಿಷ್ಟೇ ಬಗ್ಗಿಸಬೇಕು. ಒಳಗೆ ಚಿಟ್ ಎನ್ನುವ ಮೊದಲೇ ಕೈ ನಿಲ್ಲಬೇಕು. ಹಳೇ ಹೊದಿಕೆಯ ಅಂಚು ಹರಿದು ಕಟ್ಟಬೇಕು, ಅದೂ ಸಡಿಲವಾಗಿ. ಬಿಗಿದರೆ ತೊಗಟೆ ಗಾಯವಾಗುತ್ತದೆ. ಹೀಗೆ ಮಾಡಿ ಮಾಡಿ ಮೂರು ವರ್ಷದಲ್ಲಿ ದಾಳಿಂಬೆಯ ಒಂದು ಕೊಂಬೆ ನೆಲದವರೆಗೂ ಬಾಗಿ, ಮನಸ್ಸು ಬದಲಾಯಿಸಿದಂತೆ ಮತ್ತೆ ತುದಿ ಎತ್ತಿತ್ತು. ವಾಚನಾಲಯದ ಹಾಲಿನಲ್ಲಿ ಟೀಚರು ಏರ್ಪಡಿಸಿದ್ದ ಪ್ರದರ್ಶನಕ್ಕೆ ತನ್ನ ಉದ್ದದ ಕೊಂಬೆ ಇದೇ ಎಂದು ಅವಳು ಕಾದಿರಿಸಿದ್ದಳು.

ಮಹಡಿಯಲ್ಲಿದ್ದವರು ತೀರಿಹೋದ ಗಂಡನ ಅಣ್ಣ, ಅವರ ಹೆಂಡತಿ. ಭಾವನವರು ಡ್ರಿಲ್ ಮೇಷ್ಟ್ರಾಗಿದ್ದವರು. ಜನ್ಮವಿಡೀ ಮಕ್ಕಳ ಸಾಲು ನೆಟ್ಟಗೆ ಮಾಡಿದ ಮನುಷ್ಯ. ಹೊಸಿಲಲ್ಲಿ ಚಪ್ಪಲಿ ಓರೆಯಾಗಿದ್ದರೆ ಅವರಿಗೆ ಊಟ ಸೇರದು.

ಪ್ರದರ್ಶನದ ಹಿಂದಿನ ದಿನ ಸೊಟ್ಟಕ್ಕ ಕೆಲಸದಿಂದ ಬಂದಾಗ ಭಾವ ಮೆಟ್ಟಿಲ ಬಳಿ ದೊಡ್ಡ ಕತ್ತರಿ ಹಿಡಿದು ಬೆವರು ಒರೆಸಿಕೊಳ್ಳುತ್ತಿದ್ದರು. ಗಿಡಗಳೆಲ್ಲ ಚೆಂಡಿನಂತೆ ದುಂಡಗಾಗಿದ್ದವು. ದಾಳಿಂಬೆಗೆ ಒಂದು ಕೋಲು ಕೊಟ್ಟು ನೆಟ್ಟಗೆ ಕಟ್ಟಿದ್ದರು. ಕತ್ತರಿಸಿದ ಕೊಂಬೆಗಳನ್ನು, ಕಾದಿರಿಸಿದ್ದ ಆ ಕೊಂಬೆಯ ತುದಿಯನ್ನೂ ಸೇರಿಸಿ, ಕಸದ ಗಾಡಿ ಒಯ್ದಾಗಿತ್ತು.

"ನಾಳೆ ಪ್ರದರ್ಶನ ಅಂದ್ಯಲ್ಲಮ್ಮ," ಎಂದರು ಖುಷಿಯಿಂದ. "ಜನ ಗಿಡ ನೋಡೋಕೆ ಮನೆಗೂ ಬಂದಾರು. ಎಲ್ಲಾ ಅಡ್ಡಾದಿಡ್ಡಿ ಬೆಳ್ಕೊಂಡಿತ್ತು. ಒಂದು ಸಾಲಿಗೆ ತಂದೆ."

ಸೊಟ್ಟಕ್ಕ ಕೋಲಿಗೆ ಹಾಕಿದ್ದ ಗಂಟು ಬಿಚ್ಚಿದಳು, ಕೋಲು ಕಿತ್ತು ಅವರ ಕೈಗೇ ಕೊಟ್ಟಳು.

ವಾರಗಿತ್ತಿ ಮೇಲಿನಿಂದ ಬಗ್ಗಿ ನೋಡಿದಳು. "ಹೋಗ್ಲಿ ಬಿಡೇ. ಪಾಪ, ಒಳ್ಳೇದಕ್ಕೇ ಮಾಡಿದ್ರು."

"ಒಳ್ಳೇದು ಮಾಡೋರು ಒಂದು ಮಾತು ಕೇಳಿ ಮಾಡ್ಬೇಕಕ್ಕ."

ಸುದ್ದಿ ಕೇಳಿ ಟೀಚರು ಫೋನಿನಲ್ಲಿ ಅಂಗಡಿಯಿಂದ ಒಂದು ಕೊಂಬೆ ತರಲು ಹೇಳಿದರು, ಇಲ್ಲವಾದರೆ ಈ ಸಲ ಬಿಟ್ಟುಬಿಡು ಎಂದರು. "ಎರಡೂ ಇಲ್ಲ. ನನ್ನ ಜಾಗ ಹಾಗೇ ಇರ್ಲಿ, ಬರ್ತೀನಿ," ಎಂದಳು ಸೊಟ್ಟಕ್ಕ.

ಬೆಳಗ್ಗೆ ಆ ಬಾಗಿದ ಕೊಂಬೆಯ ಉಳಿದ ಮೋಟನ್ನೇ ಬುಡದ ಹತ್ತಿರ ಕತ್ತರಿಸಿಕೊಂಡು ಹೋದಳು. ನೆಲದತ್ತ ಇಳಿಯುವ ಬಾಗು ಅದರಲ್ಲಿತ್ತು. ತುದಿ ಮಾತ್ರ ಇಲ್ಲ. ಕಡಿದ ಜಾಗ ಬೆಳ್ಳಗೆ ಕಾಣುತ್ತಿತ್ತು. ಅಂಥ ಗಾಯಕ್ಕೆ ಒಂದಿಷ್ಟು ಮಣ್ಣು ಸವರಿ ಮರೆಮಾಡುವುದು ಹೂಜೋಡಣೆಯವರ ವಾಡಿಕೆ.

"ಮಣ್ಣು ಹಚ್ಚು," ಎಂದರು ಟೀಚರು.

"ಹಚ್ಚಲ್ಲ ಟೀಚರ್. ನಾನು ಕಡಿದಿದ್ರೆ ಹಚ್ತಿದ್ದೆ."

ಬಟ್ಟಲನ್ನು ಮೇಜಿನ ಒಂದು ತುದಿಗೆ ಇಟ್ಟಳು. ಮೋಟನ್ನು ಖಾಲಿ ಬಿಟ್ಟ ಕಡೆಗೆ ಬಾಗಿಸಿ ಚುಚ್ಚಿದಳು. ಕೊಂಬೆ ಚಾಚಿಕೊಳ್ಳಬೇಕಿದ್ದ ಅಷ್ಟುದ್ದ ಮೇಜಿನ ಮೇಲೆ ಇನ್ನೇನೂ ಇಡಲಿಲ್ಲ, ಬೇರೆಯವರು ಬಟ್ಟಲು ಇಡಲು ಬಂದಾಗ ಬಿಡಲೂ ಇಲ್ಲ.

ಮಧ್ಯಾಹ್ನ ಭಾವ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಬಹಳ ಹೊತ್ತು ನೋಡಿದರು.

"ಇದೇನಮ್ಮ, ಅರ್ಧಕ್ಕೇ ಬಿಟ್ಟಿದ್ದೀಯ?"

"ಅರ್ಧ ನಾನು ಮಾಡಿದ್ದು ಭಾವ. ಇನ್ನರ್ಧ ನೀವು."

ಅವರು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು. "ಯಾರಾದ್ರೂ ಕೇಳಿದ್ರೆ?"

"ಬೆಳಗ್ಗೆಯಿಂದ ಕೇಳ್ತಾನೇ ಇದ್ದಾರೆ. ನಾನೂ ಹೇಳ್ತಾನೇ ಇದ್ದೀನಿ."

ಭಾವ ಅಂಗಿಯ ಗುಂಡಿ ಸರಿಮಾಡಿಕೊಂಡು ಹೊರಟುಹೋದರು. ವಾರವೆಲ್ಲ ಮಾತಿಲ್ಲ. ಆದರೂ ಒಂದು ದಿನ ವಾರಗಿತ್ತಿಯ ಬಾಯಲ್ಲಿ ಹೇಳಿಕಳಿಸಿದರು: ಮನೆಯೆಂದ ಮೇಲೆ ಒಂದು ಅಚ್ಚುಕಟ್ಟು ಬೇಕು, ಗಿಡ ನೆಟ್ಟ ಆ ಮಣ್ಣಿನ ಪಟ್ಟಿಗೆ ಕಲ್ಲು ಹಾಸಿಸಿಬಿಡೋಣ. ಸೊಟ್ಟಕ್ಕ ಅದೇ ಬಾಯಲ್ಲಿ ಉತ್ತರ ಕಳಿಸಿದಳು: ಕಲ್ಲು ಹಾಸುವವನು ಬಂದರೆ ನಾನು ಅಲ್ಲೇ ಮಣೆ ಹಾಕಿಕೊಂಡು ಕೂತಿರುತ್ತೇನೆ, ಸುತ್ತ ಹಾಸಿಕೊಂಡು ಹೋಗಲಿ. ಕಲ್ಲು ಬರಲಿಲ್ಲ.

ಎರಡು ತಿಂಗಳಲ್ಲಿ ದಾಳಿಂಬೆಯ ಬುಡದಿಂದ ಹೊಸ ಚಿಗುರು ಎದ್ದಿತು. ಅವಳು ಅದನ್ನು ಬಟ್ಟೆಪಟ್ಟಿಯಿಂದ ಮೆಟ್ಟಿಲ ಕಡೆಗೇ ಎಳೆದು ಕಟ್ಟಿದಳು. ಭಾವ ಹಾಲು ತರಲು ಇಳಿದವರು ಅಲ್ಲಿಗೆ ಬಂದು ನಿಂತರು.

"ದಾರಿಗೆ ಅಡ್ಡ ಬರುತ್ತಲ್ಲಮ್ಮ ಇದು."

"ಬರುತ್ತೆ ಭಾವ."

"ಮತ್ತೆ ನಾನು ಹ್ಯಾಗೆ ಹೋಗೋದು?"

"ಸುತ್ತಿ ಹೋಗಿ," ಎಂದಳು ಸೊಟ್ಟಕ್ಕ, ಗಂಟಿನಿಂದ ಕಣ್ಣೆತ್ತದೆ.

ಅವರು ಗೊಣಗಿದರು. ಹಾಲಿನ ಪಾತ್ರೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು. ಆಮೇಲೆ ಭುಜ ಓರೆ ಮಾಡಿ, ಚಿಗುರಿಗೆ ಅಂಗಿ ತಾಗದಂತೆ, ಸುತ್ತಿಯೇ ಹೋದರು.