ಸುದ್ದಿ ತಂದವನ ಕಣ್ಣು

ಮಂತ್ರ ಹಾಕಿದರೆ ಚೇಳಿನ ವಿಷ ಇಳಿಯುತ್ತದೆ, ದಾರ ಕಟ್ಟಿದರೆ ಕಾಮಾಲೆ ಹೋಗುತ್ತದೆ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ತಾಂಡೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವನು ನಾನು. ಅಂಗೈ ಮೇಲೆ ಕರ್ಪೂರ ಉರಿಸಿ, ನಿಂಬೆಹಣ್ಣಿನಿಂದ ರಕ್ತ ಬರಿಸಿ, ಬಾಬಾಗಳ ಬಂಡವಾಳ ಇಷ್ಟೇ ಎಂದು ಮಕ್ಕಳಿಗೆ ತೋರಿಸಿ ಹೆಸರು ಮಾಡಿದವನು. ಅಂಥವನು ಇದನ್ನು ಬರೆಯುತ್ತಿದ್ದಾನಲ್ಲ ಎಂದು ನೀವು ನಕ್ಕರೆ ನನ್ನ ತಕರಾರಿಲ್ಲ. ನಾಲ್ಕು ವರ್ಷದ ಹಿಂದಾಗಿದ್ದರೆ ನಾನೂ ನಗುತ್ತಿದ್ದೆ.

ನನ್ನ ಗೆಳೆಯ ತುಕಾರಾಮ ನಾರಾಯಣಖೇಡದವನು, ಜಹೀರಾಬಾದಿನಲ್ಲಿ ಟೇಲರ್ ಅಂಗಡಿ ಇಟ್ಟಿದ್ದಾನೆ. ಅವನಿಗೆ ಹಕ್ಕಿಯ ಹುಚ್ಚು, ನನಗೆ ಹುಳದ ಹುಚ್ಚು. ಭಾನುವಾರ ಬಂತೆಂದರೆ ಬೈಕು ಹತ್ತಿ ತಾಂಡೂರಿಗೆ ಬರುತ್ತಾನೆ, ನನ್ನನ್ನು ಹಿಂದೆ ಕೂರಿಸಿಕೊಂಡು ಹೊಲ ಗುಡ್ಡ ಸುತ್ತಿಸುತ್ತಾನೆ. ನನಗೆ ಬೈಕು ಬರುವುದಿಲ್ಲ. "ಇಷ್ಟ್ ಓದ್ಯಾನ, ಗಾಡಿ ಹೊಡ್ಯಾಕ ಬರಂಗಿಲ್ಲ" ಎಂದು ಅವನು ಕಂಡಕಂಡವರ ಮುಂದೆ ನನ್ನ ಮರ್ಯಾದೆ ತೆಗೆಯುತ್ತಾನೆ. ಇರಲಿ.

ಆ ದಿನ ಪೆದ್ದೆಮುಲ್ ಕಡೆ ಹೋಗಿದ್ದೆವು. ಮಳೆಗಾಲ ಮುಗಿಯುತ್ತ ಬಂದಿತ್ತು. ತೊಗರಿ ಹೊಲದ ಬದುವಿನಲ್ಲಿ ಒಂದು ನುಗ್ಗೆ ಗಿಡ, ಅದರ ಬೊಡ್ಡೆಯ ತುಂಬ ಕಂಬಳಿಹುಳ. ತೊಗಟೆಯೇ ಕಾಣದಷ್ಟು ಒತ್ತೊತ್ತಾಗಿ ಅಂಟಿಕೊಂಡಿದ್ದವು. ಕಾಡು ಹೊಲ ತಿರುಗುವ ಹವ್ಯಾಸದವರು ಹಾವಿಗೆ ಹೆದರುತ್ತಾರೆ, ಇದಕ್ಕೆ ಹೆದರುವುದಿಲ್ಲ. ಹೆದರಬೇಕು. ಇದರ ಕೂದಲು ಮುರಿದು ಗಾಳಿಯಲ್ಲೂ ಹಾರುತ್ತದೆ, ಹುಳ ಕಳಚಿ ಬಿಟ್ಟ ಪೊರೆ ಕೂಡ ಚುಚ್ಚುತ್ತದೆ. ಮೈಗೆ ತಾಗಿದರೆ ಅಂಟುಪಟ್ಟಿ ಹಚ್ಚಿ ಕಿತ್ತು, ಆಮೇಲೆ ತೊಳೆಯಬೇಕು. ಉಜ್ಜಲೇಬಾರದು. ಕಣ್ಣಿಗೆ ಬಿದ್ದರಂತೂ ಕೇಳಲೇಬೇಡಿ, ಒಂದೊಂದು ಸಲ ಆ ಕೂದಲು ಒಳಗೊಳಗೇ ಸರಿಯುತ್ತ ಹೋಗುತ್ತದೆ. ಇದೆಲ್ಲ ನನಗೆ ಬಾಯಿಪಾಠವಾಗಿತ್ತು.

ತುಕಾರಾಮ ಗಿಡದ ಕೆಳಗೆ ನಿಂತು ದುರ್ಬೀನಿನಲ್ಲಿ ಮೇಲಿನ ಗೂಡು ನೋಡುತ್ತಿದ್ದ. ಟೊಂಗೆಯ ಮೇಲಿದ್ದ ಒಂದು ಹುಳದ ಫೋಟೋ ಬೆಳಕಿನಲ್ಲಿ ಬೇಕು ಎಂದು ನಾನು ಛತ್ರಿಯ ಹಿಡಿಯಿಂದ ಟೊಂಗೆಯನ್ನು ಬಗ್ಗಿಸಿದೆ. ಟೊಂಗೆ ಜಾರಿ ಮೇಲಕ್ಕೆ ಚಿಮ್ಮಿತು. ಅವನು ಆಗತಾನೇ ದುರ್ಬೀನು ಇಳಿಸಿ ಮುಖ ಮೇಲೆತ್ತಿದ್ದ. ಹುಳವೂ ಕೂದಲೂ ನೆಟ್ಟಗೆ ಅವನ ಮುಖದ ಮೇಲೆ ಉದುರಿದವು. ಉಜ್ಜಬೇಡ ಎಂದು ನಾನು ಕೂಗುವಷ್ಟರಲ್ಲಿ ಎರಡೂ ಕೈಯಿಂದ ಕಣ್ಣು ಉಜ್ಜಿಬಿಟ್ಟಿದ್ದ. ಉಜ್ಜಬಾರದೆಂದು ಅವನಿಗೂ ಗೊತ್ತಿತ್ತು. ಕೈ ಕೇಳಬೇಕಲ್ಲ!

ಬಾಟಲಿಯ ನೀರೆಲ್ಲ ಅವನ ಕಣ್ಣಿಗೆ ಸುರಿದೆ. ಹತ್ತು ನಿಮಿಷದಲ್ಲಿ ಎರಡೂ ಕಣ್ಣು ಊದಿ ಮುಚ್ಚಿಕೊಂಡವು. ಎರಡೂ ಎಂದು ಒತ್ತಿ ಹೇಳುತ್ತಿದ್ದೇನೆ. ಬಲಗಣ್ಣಿನ ರೆಪ್ಪೆಯ ಒಳಗೆ ಮೂರು ನಾಲ್ಕು ಕೂದಲು ನೆಟ್ಟಿದ್ದನ್ನು ನಾನೇ ನೋಡಿದ್ದೇನೆ. ಅವನು ಹಲ್ಲು ಕಚ್ಚಿ, "ಮಾಸ್ತರ, ಕಣ್ಣು ಹೋದ್ರ ನಾ ಏನ್ ಹೊಲೀಲಿ?" ಎಂದ. ಫೋನಿಗೆ ಸಿಗ್ನಲ್ ಇರಲಿಲ್ಲ. ಅವನನ್ನು ಬೇವಿನ ನೆರಳಿಗೆ ಕೂರಿಸಿ, ಕಣ್ಣು ಮುಟ್ಟಬೇಡವೆಂದು ಆಣೆ ಹಾಕಿ, ಹತ್ತಿರದ ಹಳ್ಳಿಗೆ ಓಡಿದೆ.

ಊರ ಮುಂದೆಯೇ ಒಂದು ಆಟೋ ನಿಂತಿತ್ತು. ಅದರವನು ಮಲ್ಲೇಶ, ಮನೆಯ ಕಟ್ಟೆಯ ಮೇಲೆ ಉಣ್ಣುತ್ತಿದ್ದ. ಕಂಬಳಿಹುಳ ಎಂದು ನನ್ನ ಬಾಯಿಂದ ಬಂದದ್ದೇ ತಡ, ಎಂಜಲ ಕೈಯಲ್ಲೇ ಎದ್ದು ನಿಂತ.

"ಕುಂಡ್ರಬ್ಯಾಡ್ರಿ ಸರ್, ನೀರೂ ಕುಡೀಬ್ಯಾಡ್ರಿ. ಮೊದಲ ನಮ್ಮ ಆಯಿಗೆ ಹೇಳ್ರಿ, ಆಮ್ಯಾಲ ಗಾಡಿ."

ಈ ಪದ್ಧತಿ ನನಗೆ ಹೊಸದಲ್ಲ. ನಮ್ಮ ಕಡೆಯ ಕೆಲವು ಮನೆಗಳಲ್ಲಿ ಚೇಳು, ಕಂಬಳಿಹುಳಕ್ಕೆ ಮದ್ದು ಮಾಡುವುದು ಕಚ್ಚಿಸಿಕೊಂಡವನಿಗಲ್ಲ, ಸುದ್ದಿ ತಂದವನಿಗೆ. ತಂದವನು ನಿಂತುಕೊಂಡೇ, ಕಂಡದ್ದನ್ನು ಕಂಡಂತೆ ಹೇಳಬೇಕು. ಅವನು ಹೇಳಿದ ಜಾಗವನ್ನು ಅವನ ಮೈಮೇಲೆಯೇ ಒರೆಸುತ್ತಾರೆ. ಅಲ್ಲಿ ಕಚ್ಚಿಸಿಕೊಂಡವನಿಗೆ ಉರಿ ಇಳಿಯುತ್ತದಂತೆ. ಹೊಟ್ಟೆನೋವು ಒಬ್ಬನಿಗೆ, ಗುಳಿಗೆ ಇನ್ನೊಬ್ಬನಿಗೆ ಎಂದು ಇದರ ಮೇಲೆ ಒಂದು ಪೂರ್ತಿ ಪೀರಿಯಡ್ಡು ಗೇಲಿ ಮಾಡಿದ್ದೆ ನಾನು. ಈಗ ನೋಡಿದರೆ ಆಟೋದ ಚಾವಿ ಮಲ್ಲೇಶನ ಜೇಬಿನಲ್ಲಿತ್ತು.

ಅವನ ಆಯಿ, ಅಂದರೆ ಅಜ್ಜಿ, ಕಂಬಳಿ ಹೆಗಲಿಗೆ ಹಾಕಿಕೊಂಡು ನಿಧಾನಕ್ಕೆ ಹೊರಗೆ ಬಂದಳು.

"ಎಲ್ಲಿ ಆಗ್ಯಾದಪ್ಪಾ?"

"ಕಣ್ಣಾಗ್ರಿ. ಬಲಗಣ್ಣು."

"ಒಂದೇ ಏನು? ಇನ್ನೊಂದು?"

"ಒಂದೇ ರಿ."

"ನೋಡಿ ಹೇಳು. ನೀ ಹೇಳಿದಷ್ಟೇ ನನ್ನ ಕೈಯಾಗ ಅದ."

"ಒಂದೇ ಅಂತ ಹೇಳಿನಲ್ಲಾ, ಜಲ್ದಿ ಮಾಡ್ರಿ!"

ಯಾಕೆ ಹಾಗೆ ಹೇಳಿದೆ? ಅವಸರವಿತ್ತು, ನಿಜ. ಏನು ಹೇಳಿದರೆ ಏನು, ಎಲ್ಲ ಬೊಗಳೆ ಎಂಬ ತಾತ್ಸಾರವೂ ಇತ್ತು. ಆದರೆ ನಿಜವಾದ ಕಾರಣ ಬೇರೆ. ಎರಡೂ ಕಣ್ಣು ಎಂದಿದ್ದರೆ ಅದು ಹೇಗಾಯಿತು ಎಂದು ಕೇಳುತ್ತಿದ್ದರು, ಆಗ ನನ್ನ ಛತ್ರಿಯ ಕಥೆ ಹೇಳಬೇಕಾಗುತ್ತಿತ್ತು. ತಪ್ಪು ಮಾಡಿದವನ ನಾಲಿಗೆ ಪೆಟ್ಟನ್ನು ಸಣ್ಣದು ಮಾಡಿಯೇ ಹೇಳುತ್ತದೆ.

ಮುದುಕಿ ಮತ್ತೆ ಕೇಳಲಿಲ್ಲ. ಕಂಬಳಿಯ ಅಂಚಿನಿಂದ ನನ್ನ ಬಲಗಣ್ಣನ್ನು ಮೂರು ಸಲ ಒರೆಸಿ, ಮೂರು ಸಲ ನೆಲಕ್ಕೆ ಝಾಡಿಸಿದಳು. ಒಂದು ಮಂತ್ರವಿಲ್ಲ, ಊದಿದ್ದೂ ಇಲ್ಲ. ಆದರೆ ಕಣ್ಣಿಗೆ ಖಾರ ಬಿದ್ದ ಹಾಗೆ ಉರಿದು ನೀರು ಧಾರಾಕಾರವಾಗಿ ಸುರಿಯಿತು. ಒರಟು ಉಣ್ಣೆ ತಾಗಿದರೆ ಕಣ್ಣಲ್ಲಿ ನೀರು ಬರದೆ ಇನ್ನೇನು ಎಂದುಕೊಂಡು ಆಟೋ ಹತ್ತಿದೆ.

ನಾವು ಹೋದಾಗ ತುಕಾರಾಮ ಬೇವಿನ ಬೊಡ್ಡೆಗೆ ಒರಗಿ ಕೂತಿದ್ದ. ಬಲಗಣ್ಣು ತೆರೆದಿತ್ತು. ಬಾವು ಇಲ್ಲ, ಕೆಂಪಿಲ್ಲ. ಆ ಒಂದೇ ಕಣ್ಣಿನಿಂದ ಆಟೋ ಬರುವುದನ್ನು ನೋಡುತ್ತಿದ್ದ. ನಾನು ಇನ್ನೂ ಬಾಯಿ ಬಿಟ್ಟಿರಲಿಲ್ಲ, ಅವನೇ ಹೇಳಿದ: "ಮಾಸ್ತರ, ಈಗ ಝರಾ ಹೊತ್ತಿನ ಹಿಂದ ಈ ಕಣ್ಣು ಒಮ್ಮಿಗ್ಲೇ ತಣ್ಣಗಾತು ನೋಡು. ಇದೊಂದು ಮಾತ್ರ ಸುಡಾಕತ್ಯಾದ." ಎಡಗಣ್ಣಿನ ಮೇಲೆ ಅವನ ಅಂಗೈ ಇತ್ತು.

ತಾಂಡೂರಿನ ಕಣ್ಣಿನ ಡಾಕ್ಟರು ಎರಡೂ ಕಣ್ಣು ನೋಡಿ, ಬಲಗಣ್ಣಿಗೆ ಏನೂ ಬಿದ್ದೇ ಇಲ್ಲ ಎಂದರು. ಬಿದ್ದಿತ್ತು ಸರ್, ನಾನು ಕಂಡಿದ್ದೇನೆ ಎಂದೆ. ಅವರು ಇನ್ನೊಮ್ಮೆ ಬೆಳಕು ಬಿಟ್ಟು ನೋಡಿ ಎಡಗಣ್ಣಿನ ಕಡೆ ತಿರುಗಿದರು. ಎಡಗಣ್ಣಿನಲ್ಲಿ ಕೂದಲು ಆಳಕ್ಕೆ ಇಳಿದಿತ್ತು. ಹೈದರಾಬಾದಿಗೆ ಹೋದೆವು, ತೆಗೆಸಿದೆವು, ತಿಂಗಳುಗಟ್ಟಲೆ ಹನಿ ಹಾಕಿದ್ದಾಯಿತು. ಈಗಲೂ ಆ ಕಣ್ಣಿಗೆ ಎಲ್ಲ ಮಂಜುಮಂಜು. ಎಡಗಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸುತ್ತಾನೆ.

ವಿವರಣೆ ನನ್ನಲ್ಲೂ ಇದೆ. ಎಡಗಣ್ಣನ್ನು ಹೆಚ್ಚು ಉಜ್ಜಿರಬಹುದು. ಬಲಗಣ್ಣಿನ ಕೂದಲು ಕಣ್ಣೀರಿನಲ್ಲಿ ಹರಿದು ಹೋಗಿರಬಹುದು. ಆದರೆ ಅಷ್ಟು ದಪ್ಪಗೆ ಊದಿದ ರೆಪ್ಪೆ ಅರ್ಧ ಗಂಟೆಯಲ್ಲಿ ಇಳಿದದ್ದು ಹೇಗೆ, ಅದೂ ನಾನು ಹೆಸರು ಹೇಳಿದ ಕಣ್ಣೇ ಯಾಕೆ ಎಂಬುದು ಈ ವಿವರಣೆಯೊಳಗೆ ಕೂರುವುದಿಲ್ಲ.

ಸ್ವಲ್ಪ ಗುಣವಾದ ಮೇಲೆ ತುಕಾರಾಮ ತಾನೇ ಹೊಲಿದ ಒಂದು ಕುಪ್ಪಸ, ಒಂದು ಸೀರೆ ತೆಗೆದುಕೊಂಡು ಆಯಿಯ ಮನೆಗೆ ಹೋದ. ನಾನೂ ಜೊತೆಗಿದ್ದೆ. ಕೊಟ್ಟು ಕಾಲಿಗೆ ಬಿದ್ದು, ನಗುತ್ತಲೇ ಕೇಳಿದ: "ಆಯೀ, ಒಂದು ಉಳಿಸಿದಿ, ಇನ್ನೊಂದು ಯಾಕ ಬಿಟ್ಟಿ?"

ಅವಳು ಅವನ ಎಡಗಣ್ಣನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

"ವಯಸ್ಸಾಗ್ಯಾದಪ್ಪಾ," ಎಂದಳು. "ನನ್ನ ಕೈಯಾಗ ಮೊದಲಿನಂಗ ಕಸುವಿಲ್ಲ."

ಅವನು ಈಗಲೂ ಅಂಗಡಿಗೆ ಬಂದವರಿಗೆಲ್ಲ ಇದನ್ನು ಹೇಳುತ್ತಾನೆ: ಆ ಮುದುಕಿಯ ಶಕ್ತಿ ಅರ್ಧಕ್ಕೇ ಮುಗಿದಿತ್ತು ಎಂದು. ಕೇಳಿದವರು ನಗುತ್ತಾರೆ. ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಕೇಳುತ್ತೇನೆ. ಇಂಥದರಲ್ಲಿ ನನಗೆ ಇವತ್ತಿಗೂ ನಂಬಿಕೆ ಇಲ್ಲ. ನಂಬಿಕೆ ಇಲ್ಲವೆಂದ ಮೇಲೆ, ನಾನು ಒಂದೇ ಕಣ್ಣು ಎಂದದ್ದರಿಂದ ಅವನ ಕಣ್ಣಿಗೆ ಏನೂ ಆಗಿಲ್ಲ, ಆ ಸುಳ್ಳನ್ನು ಅವನಿಗೆ ಹೇಳಿಬಿಡಲು ಏನೂ ಅಡ್ಡಿಯಿಲ್ಲ. ನಾಲ್ಕು ವರ್ಷವಾಯಿತು, ಹೇಳಲು ಆಗಿಲ್ಲ.