ನನಗೆ ಹೇಳದೆ ಬಿಟ್ಟ ಎರಡು ಅಂಕಿ

ಎಂಬತ್ತರ ದಶಕದ ನಡುವಿನಲ್ಲಿ ನಾನು ಜೆಟ್ ವಿಮಾನದ ಬಲಗಡೆಯ ಸೀಟಿನಲ್ಲಿ ಕೂತು ಕೋ-ಪೈಲಟ್ ಕೆಲಸ ಕಲಿಯುತ್ತಿದ್ದೆ. ಬಸವೇಶ್ವರನಗರದಲ್ಲಿ ಅಮ್ಮನ ಜೊತೆ ಬಾಡಿಗೆ ಮನೆ. ಯೂನಿಫಾರ್ಮ್ ಹಾಕಿಕೊಂಡು ಗೇಟಿಗೆ ಬಂದರೆ ಅಕ್ಕಪಕ್ಕದವರು ಏರ್‌ಹೋಸ್ಟೆಸ್ ಅಂದುಕೊಳ್ಳುತ್ತಿದ್ದರು. ಅದಕ್ಕೆ ನನಗೇನೂ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ನನಗೆ ಕಲಿಸುತ್ತಿದ್ದ ಕ್ಯಾಪ್ಟನ್ ಮೇಲೆ, ಇವತ್ತಿಗೂ ಇದೆ.

ಆಟೋಪೈಲಟ್ ತೆಗೆದು ವಿಮಾನವನ್ನು ನನ್ನ ಕೈಗೆ ಕೊಟ್ಟಾಗಲೆಲ್ಲ ವೇಗದ ಮುಳ್ಳು ನನ್ನ ಮಾತು ಕೇಳುತ್ತಿರಲಿಲ್ಲ. ವೇಗ ಇಳಿಯಿತೆಂದು ಎಂಜಿನ್ ಲಿವರ್ ಮುಂದಕ್ಕೆ ತಳ್ಳುತ್ತಿದ್ದೆ. ಜೆಟ್ ಎಂಜಿನ್ ತಕ್ಷಣ ಓಗೊಡುವುದಿಲ್ಲ. ಓಗೊಡುವಷ್ಟರಲ್ಲಿ ನಾನು ಇನ್ನಷ್ಟು ತಳ್ಳಿರುತ್ತಿದ್ದೆ. ವೇಗ ಹೆಚ್ಚಾಯಿತೆಂದು ವಿಮಾನದ ಮೂಗು ಎತ್ತುವುದು, ಕಡಿಮೆಯಾಯಿತೆಂದು ಇಳಿಸುವುದು. ಕ್ಯಾಪ್ಟನ್ ಒಂದು ಮಾತಿನಲ್ಲೂ ತಿದ್ದದೆ ನೋಡುತ್ತಿದ್ದು, ಕೊನೆಗೆ ಕಂಟ್ರೋಲ್ ಕಿತ್ತುಕೊಳ್ಳುತ್ತಿದ್ದರು.

“ನಿನ್ನ ಕೈ ಭಾರ ಕಣಮ್ಮ, ನಾಜೂಕಿಲ್ಲ. ಇದು ಹೆಂಗಸರಿಗೆ ಒಗ್ಗೋ ಕೆಲ್ಸ ಅಲ್ಲ” ಎಂದರು ಒಮ್ಮೆ. ವರದಿಯಲ್ಲೂ ಕೈ ಭಾರ ಎಂದೇ ಬರೆದರು.

ನಾನು ನಂಬಿಬಿಟ್ಟೆ. ಕೆಲಸ ಬಿಡುತ್ತೇನೆಂದು ಅಮ್ಮನಿಗೂ ಹೇಳಿದೆ. ಆ ವಾರವೇ ವಿಜಯನಗರದ ಹೋಟೆಲೊಂದರಲ್ಲಿ, ನನ್ನ ಜೊತೆಗೇ ಅದೇ ಕ್ಯಾಪ್ಟನ್ ಕೈಕೆಳಗೆ ತರಬೇತಿಗೆ ಸೇರಿದ್ದ ಗೆಳೆಯ ಸಿಕ್ಕಿದ. ಕಾಫಿ ಕುಡಿಯುತ್ತಾ ನನ್ನ ಗೋಳು ಹೇಳಿಕೊಂಡೆ. ಅವನು ಲೋಟ ಕೆಳಗಿಟ್ಟ.

“ವೇಗದ ಹಿಂದೆ ಯಾಕೆ ಓಡ್ತೀಯ? ಚಕ್ರ, ರೆಕ್ಕೆಯ ಫ್ಲ್ಯಾಪ್ ಎಲ್ಲಾ ಇಳಿಸಿದ ಮೇಲೆ ಮೂಗು ಎರಡೂವರೆ ಡಿಗ್ರಿ ಮೇಲಿಡು. ಎಂಜಿನ್ನಿಗೂ ಒಂದು ಅಂಕಿ ಇದೆ, ತೂಕ ನೋಡ್ಕೊಂಡು ಅಲ್ಲಿಡು. ವೇಗ ತಾನಾಗೇ ಬಂದು ನಿಲ್ಲುತ್ತೆ. ಆಮೇಲೆ ಚೂರು ಚೂರು ತಿದ್ದಿದ್ರೆ ಸಾಕು. ಸಾರ್ ನಿಂಗೆ ಹೇಳ್ಲಿಲ್ವಾ?”

ನಿನಗೆ ಯಾವಾಗ ಹೇಳಿದರು ಎಂದು ಕೇಳಿದೆ. ಭಾನುವಾರಗಳಲ್ಲಿ ಹುಡುಗರನ್ನೆಲ್ಲ ರಾಜಾಜಿನಗರದ ತಮ್ಮ ಮನೆಗೆ ಕರೆಸಿ, ಬಿಯರ್ ಕೊಟ್ಟು, ಏರುವಾಗ ಮೂಗೆಷ್ಟು, ಇಳಿಯುವಾಗ ಎಂಜಿನ್ ಎಷ್ಟು ಎಂದು ಬಾಯಿಪಾಠ ಮಾಡಿಸುತ್ತಿದ್ದರಂತೆ. ನನ್ನನ್ನು ಕರೆಯದಿದ್ದದ್ದು ಇವನಿಗೂ ವಿಚಿತ್ರ ಅನ್ನಿಸಿರಲಿಲ್ಲ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಬಂದೆ. ಬಸ್ ಸ್ಟಾಪಿನಲ್ಲಿ ನಿಂತು, ಅವನಿಂದ ತಿಳಿದ ಅಂಕಿಗಳನ್ನು ಡೈರಿಯಲ್ಲಿ ಬರೆದುಕೊಂಡೆ.

ಮುಂದಿನ ಸರದಿ ಬಾಂಬೆಯಿಂದ ಬೆಂಗಳೂರಿಗೆ, ಅದೇ ಕ್ಯಾಪ್ಟನ್ ಜೊತೆ. ಕೆಂಗೇರಿ ಕಡೆಯಿಂದ ರನ್‌ವೇಗೆ ನೇರವಾಗಿ ಇಳಿಯುತ್ತಿದ್ದೆವು. ವಿಮಾನ ನನ್ನ ಕೈಯಲ್ಲಿತ್ತು. ಮೂಗನ್ನು ಎರಡೂವರೆಗೆ ಇಟ್ಟೆ, ಎಂಜಿನ್ನನ್ನು ಅದರ ಅಂಕಿಗೆ ತಂದೆ, ಕಾದೆ. ಮುಳ್ಳು ನಿಧಾನವಾಗಿ ಇಳಿದು, ಬೇಕಾದ ವೇಗದಲ್ಲಿ ನಿಂತುಬಿಟ್ಟಿತು. ಸಂತೋಷ ಆಗಬೇಕಿತ್ತು. ಇಷ್ಟೇನಾ, ಇಷ್ಟಕ್ಕೆ ನನ್ನನ್ನು ತಿಂಗಳುಗಟ್ಟಲೆ ಅಳಿಸಿದರಾ ಎಂದು ಮೈ ಉರಿಯಿತು.

ಪ್ರಯಾಣಿಕರೆಲ್ಲ ಇಳಿದುಹೋದ ಮೇಲೆ ಕ್ಯಾಪ್ಟನ್, ಇವತ್ತು ಗಾಳಿ ಇರಲಿಲ್ಲ, ಅದಕ್ಕೇ ಸರಿ ಬಂತು ಎಂದರು.

“ಗಾಳಿ ಅಲ್ಲ ಸಾರ್. ನಿಮ್ಮ ಭಾನುವಾರದ ಪಾಠ. ನಂಗೆ ಯಾಕೆ ಹೇಳ್ಲಿಲ್ಲ?”

“ಮದುವೆ ಆಗ್ದಿರೋ ಹುಡುಗೀನ ಮನೆಗೆ ಕರೆಯಕ್ಕಾಗುತ್ತೇನಮ್ಮ?”

“ಇಲ್ಲೇ ಹೇಳಬಹುದಿತ್ತಲ್ಲ ಸಾರ್. ಪಕ್ಕದಲ್ಲೇ ಕೂತಿದ್ದೆ.”

ಅವರು ಟೋಪಿ ಹಾಕಿಕೊಂಡು ಹೊರಟುಹೋದರು. ನಾನು ಕಂಪನಿಯವರ ಹತ್ತಿರ ಬೇರೆ ಕ್ಯಾಪ್ಟನ್ ಬೇಕೆಂದು ಹಟ ಹಿಡಿದೆ. ಕೊಟ್ಟರು. ಪರೀಕ್ಷೆಯೂ ಪಾಸಾಯಿತು. ವರ್ಷಗಳ ನಂತರ ಅವರ ನಿವೃತ್ತಿಯ ಊಟಕ್ಕೆ ನನಗೂ ಕರೆ ಬಂತು. ಹೋಗಲಿಲ್ಲ. ಅವರು ದೊಡ್ಡವರು, ನೀನು ಹೋಗಬೇಕಿತ್ತು ಎಂದರು ಅಮ್ಮ. ನನಗೆ ಹಾಗೆ ಒಂದು ಸಲವೂ ಅನ್ನಿಸಿಲ್ಲ.