ಮೂಸಿ ಕೊಟ್ಟ ಬೆಣ್ಣೆ

ಕೊರೊನಾ ಮತ್ತೆ ಬಂದಿರಬಹುದು. ಮೂಗಿನಲ್ಲಿ ಗಡ್ಡೆ ಬೆಳೆದಿರಬಹುದು. ಗಡ್ಡೆ ಮೂಗಿನಲ್ಲಿ ಇಲ್ಲದಿದ್ದರೆ ತಲೆಯಲ್ಲಿರಬಹುದು. ಬಿ.ಪಿ. ಮಾತ್ರೆ ಬದಲಿಸಿದ್ದು ಒಗ್ಗದೆ ಇರಬಹುದು. ಮರೆವಿನ ಕಾಯಿಲೆ ಶುರುವಾಗುವುದೇ ಹೀಗಂತೆ, ಎಲ್ಲೋ ಓದಿದ್ದೆ. ಎಲ್ಲಿ ಓದಿದೆ ಅನ್ನುವುದು ನೆನಪಾಗದೆ ಹೋದದ್ದರಿಂದ ಇದೇ ಗಟ್ಟಿ ಅಂತ ತೀರ್ಮಾನಿಸಿ, ಆ ಸಂಜೆಯೇ ಬೀರುವಿನ ಬೀಗದ ಕೈ ಎಲ್ಲಿದೆ ಅಂತ ಸೊಸೆಗೆ ತೋರಿಸಿಟ್ಟೆ. ಆಮೇಲೆ ಗೊತ್ತಾಯಿತು, ನನ್ನ ಮೂಗಿನೊಳಗೆ ಒಂದಿಷ್ಟು ದುರ್ಮಾಂಸ ಬೆಳೆದಿತ್ತು, ಅಷ್ಟೇ.

ಇಷ್ಟಕ್ಕೆಲ್ಲ ಕಾರಣ ಬೆಣ್ಣೆ. ತುಪ್ಪ ಕಾಯಿಸಲು ಇಟ್ಟು, ಒಲೆಗೆ ಬೆನ್ನು ಮಾಡಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಬೆಣ್ಣೆ ಕಾದು, ತುಪ್ಪವಾಗಿ, ತಳ ಹಿಡಿದು, ಕಪ್ಪಗೆ ಹೊಗೆಯಾಡುವವರೆಗೂ ನನಗೆ ಸುಳಿವೇ ಇಲ್ಲ. ಅಂಗಡಿಯಿಂದ ಊಟಕ್ಕೆ ಬಂದ ನನ್ನವರು ಬಾಗಿಲಿನಿಂದಲೇ ಕೂಗಿಕೊಂಡರು. “ಬೀದಿಗೆಲ್ಲ ನಾತ ಹೊಡೀತೈತೆ, ಇಲ್ಲೇ ಕುಂತೀಯಲ್ಲೇ ಮಾರಾಯ್ತಿ!” ನಾನು ಪಾತ್ರೆಯ ಮೇಲೆ ಬಗ್ಗಿದೆ. ಹೊಗೆ ಕಣ್ಣಿಗೆ ಉರಿಯಿತು. ವಾಸನೆ ಮಾತ್ರ ಇಲ್ಲ... ಏನೇನೂ ಇಲ್ಲ.

ಆಗ ನೆನಪಾದವರು ಬೆಣ್ಣೆಯಜ್ಜ.

ಅವರ ಊರು ಬಿಳಿಚೋಡು. ನನ್ನ ಅತ್ತೆಯ ತವರೂ ಅದೇ, ಹಾಗಾಗಿ ಊರಿನ ಲೆಕ್ಕದಲ್ಲಿ ಅತ್ತೆಗೆ ಅವರು ಅಣ್ಣ. ಕುರಿ ಎಮ್ಮೆ ಮೇಯಿಸುವ ಮನೆಗಳಿಂದ ಬೆಣ್ಣೆ ಕೂಡಿಸಿ, ದಾವಣಗೆರೆಯ ಹೋಟೆಲಿಗೆ ಒಂದಿಷ್ಟು ಹಾಕಿ, ಉಳಿದದ್ದನ್ನು ತಂಗಿಯ ಊರು ಅಂತ ಹೊನ್ನಾಳಿಯ ನಮ್ಮ ಬೀದಿಗೆ ತರುತ್ತಿದ್ದರು. ವಾರಕ್ಕೊಮ್ಮೆ, ಹತ್ತೂವರೆ ಬಸ್ಸಿಗೆ. ಅಲ್ಯೂಮಿನಿಯಂ ಕ್ಯಾನಿನಲ್ಲಿ ತಣ್ಣೀರು, ನೀರಿನಲ್ಲಿ ತೇಲುವ ಎಮ್ಮೆ ಬೆಣ್ಣೆಯ ಉಂಡೆಗಳು, ಮೇಲೊಂದು ಒದ್ದೆ ಬಟ್ಟೆ.

ಅವರು ಬೆಣ್ಣೆ ಕೊಡುವುದಕ್ಕೆ ಒಂದು ಕ್ರಮವಿತ್ತು. ಉಂಡೆಯಿಂದ ಉಗುರಿನಷ್ಟು ತೆಗೆದು ಎಡಗೈಯ ಹಿಂಬದಿಗೆ ಸವರಿ, ಕಣ್ಣು ಮುಚ್ಚಿ ಮೂಸುತ್ತಿದ್ದರು. ಒಂದು ಕ್ಷಣ ಬಿಟ್ಟು ‘ಹ್ಞೂಂ’ ಅಂದರೆ ಅದು ನಮ್ಮ ಪಾತ್ರೆಗೆ. ‘ಹ್ಞೂಂ’ ಅನ್ನದಿದ್ದರೆ ಕ್ಯಾನಿಗೆ ವಾಪಸ್ಸು, ನಾವು ಎಷ್ಟು ಕೇಳಿದರೂ ಕೊಡುತ್ತಿರಲಿಲ್ಲ. “ಇದು ನಿನ್ನೆ ರಾತ್ರಿ ಕಡೆದಿದ್ದಲ್ಲ ತಾಯಿ, ಮೊನ್ನೇದು. ಆಯಮ್ಮ ನಂಗೇ ಸುಳ್ಳು ಹೇಳ್ಯಾಳೆ,” ಅನ್ನುತ್ತಿದ್ದರು. ಎಮ್ಮೆ ಹತ್ತಿಹಿಂಡಿ ತಿಂದಿದೆಯೋ ಹಸಿಹುಲ್ಲು ತಿಂದಿದೆಯೋ ಅನ್ನುವುದನ್ನೂ ಹೇಳುವ ಮೂಗು ಅದು. ಅವರು ಮೂಸಿ ಕೊಟ್ಟಿದ್ದನ್ನು ಮತ್ತೆ ನಾವು ಮೂಸುವುದು ನಮ್ಮ ಬೀದಿಯಲ್ಲಿ ಮರ್ಯಾದೆಗೇಡಿನ ಮಾತಾಗಿತ್ತು. ಯಾರೂ ಮೂಸುತ್ತಿರಲಿಲ್ಲ.

ಬಹಳ ವರ್ಷಗಳ ಹಿಂದೆ ಒಮ್ಮೆ ನಾದಿನಿಗೆ ಕುಬುಸದ ಕಾರ್ಯ ಇಟ್ಟುಕೊಂಡಿದ್ದೆವು. ಚೊಚ್ಚಲ ಬಸುರಿ, ಚನ್ನಗಿರಿಯಿಂದ ಅವಳ ಅತ್ತೆಮನೆಯವರು ಎರಡು ವ್ಯಾನು ತುಂಬಾ ಬರುವವರಿದ್ದರು. ಹೋಳಿಗೆಗೆ ಬೇಕೆಂದು ಐದು ಕೆ.ಜಿ. ಬೆಣ್ಣೆಗೆ ಹೇಳಿದ್ದೆವು. ಅಜ್ಜ ತಂದರು, ಕೈಗೆ ಸವರಿದರು, ಮೂಸಿದರು, ‘ಹ್ಞೂಂ’ ಅಂದರು. ಅವತ್ತು ಬಹಳ ಹೊತ್ತು ಮೂಸಿದರೇನೋ... ಈಗ ಹಾಗನ್ನಿಸುತ್ತದೆ. ಆಗ ನಾನು ಬಾಳೆ ಎಲೆ ಸಾಲುತ್ತವೋ ಇಲ್ಲವೋ ಅನ್ನುವ ಚಿಂತೆಯಲ್ಲಿದ್ದೆ.

ಬೆಣ್ಣೆ ಕಾಯುವಾಗ ಕಮಟು ವಾಸನೆ ನನ್ನ ಮೂಗಿಗೆ ಬಡಿಯಿತು. ಅತ್ತೆಯನ್ನು ಕರೆದೆ.

“ಯಾಕೋ ಕಮಟು ಹೊಡೀತೈತೆ ಅನ್ನಿಸ್ತದೆ, ನೋಡ್ರಿ ಅತ್ತೆ.”

“ನಿಂಗೆ ಯಾವುದ್ರಾಗೆ ಅನುಮಾನ ಇಲ್ಲ ಹೇಳು? ನಿನ್ನೆ ಶಾಮಿಯಾನ ಬೀಳ್ತೈತೆ ಅಂದಿ, ಬೆಳಿಗ್ಗೆ ಕುಕ್ಕರ್ ಸಿಡೀತೈತೆ ಅಂದಿ. ನಮ್ಮಣ್ಣ ಮೂಸಿ ಕೊಟ್ಟಾನೆ. ಸುಮ್ಮನೆ ಕಾಸು.”

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ದಿನಕ್ಕೆ ಹತ್ತು ಅನುಮಾನ ಪಡುವವಳ ಹನ್ನೊಂದನೆಯದನ್ನು ಯಾರು ನಂಬುತ್ತಾರೆ? ನಾನೇ ನಂಬಲಿಲ್ಲ. ನಾಲ್ಕು ಏಲಕ್ಕಿ ಹೆಚ್ಚಿಗೆ ಕುಟ್ಟಿ ಹಾಕಿದೆ.

ಪಂಕ್ತಿಯಲ್ಲಿ ಮೊದಲು ಎಲೆ ಸರಿಸಿದ್ದು ನಾದಿನಿಯ ಅತ್ತೆ. ಒಂದು ತುತ್ತು ಬಾಯಿಗಿಟ್ಟು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ನಗುನಗುತ್ತಲೇ, “ಹೊನ್ನಾಳಿ ಕಡೆ ತುಪ್ಪ ಹಿಂಗೇ ಇರ್ತೈತೇನ್ರೀ ಬೀಗರೇ?” ಅಂದರು. ಪಕ್ಕದವರು ಎಲೆ ಮಡಚಿದರು. ಬಸುರಿಗೆ ವಾಂತಿಯಾಯಿತು. ಅದು ಬಸಿರಿನ ವಾಂತಿಯೂ ಇರಬಹುದು, ಆದರೆ ಅಷ್ಟು ಜನರ ಮುಂದೆ ತುಪ್ಪದ ತಲೆಗೇ ಬಂತು.

ಮುಂದಿನ ವಾರ ಅಜ್ಜ ಎಂದಿನಂತೆ ಬಂದರು. ಅತ್ತೆ ಕೋಣೆಯಿಂದ ಹೊರಗೆ ಬರಲಿಲ್ಲ. ತವರಿನವನನ್ನು ಬೈಯುವ ಕೆಲಸ ನನ್ನ ಪಾಲಿಗೆ ಬಂತು, ಅದನ್ನು ಚೆನ್ನಾಗಿಯೇ ಮಾಡಿದೆ. ಎರಡೂ ಬದಿಯ ಮನೆಗಳವರು ಕಟ್ಟೆಯ ಮೇಲೆ ನಿಂತು ಕೇಳುವಷ್ಟು ಗಟ್ಟಿಯಾಗಿ.

“ತಂಗಿ ಮನೆ ಅಂತಾನೂ ನೋಡಲಿಲ್ಲವಲ್ರೀ! ಹಳೇದನ್ನ ಹೊಸದರಾಗೆ ಸೇರಿಸಿ ಮಾರಾಕೆ ನಾವೇ ಸಿಕ್ಕಿದ್ವಾ?”

ಅಜ್ಜನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ರೆಪ್ಪೆ ಕೂಡ ಬಡಿಯದೆ ನಿಂತಿದ್ದರು. ಮಾಡಿದ್ದನ್ನು ಮಾಡಿ ಎಷ್ಟು ಸೊಕ್ಕು ನೋಡು ಅಂದುಕೊಂಡೆ. ಬಾಯಿ ತೆರೆದರು, ದನಿ ತುಟಿಯಲ್ಲೇ ಉಳಿಯಿತು. ಆಮೇಲೆ ಅವರು ಹಿಂದೆಂದೂ ಮಾಡದ್ದನ್ನು ಮಾಡಿದರು. ಬೆಣ್ಣೆ ಸವರಿದ ಕೈಯನ್ನು ನನ್ನ ಮುಂದೆ ಚಾಚಿದರು.

“ನೀವೇ ಒಂದ್ಸಲ ಮೂಸಿ ಹೇಳ್ರಿ ತಾಯಿ.”

“ಸಾಕು ನಾಟಕ,” ಅಂದೆ.

ಅವರು ಕ್ಯಾನು ಎತ್ತಿಕೊಂಡು ಹೊರಟರು. ಒಂದು ಕಾಲು ಸ್ವಲ್ಪ ಎಳೆಯುತ್ತಿತ್ತು. ಕ್ಯಾನು ಇಲ್ಲದ ಕೈ ಬೀಸದೆ ಪಕ್ಕೆಗೆ ಅಂಟಿಕೊಂಡಿತ್ತು. ಇದನ್ನೆಲ್ಲ ಅಂದೇ ಕಂಡಿದ್ದೆ, ಕಂಡೂ ಏನೂ ಅಂದುಕೊಳ್ಳಲಿಲ್ಲ.

ಬೀದಿ ಅವರ ಬೆಣ್ಣೆ ಬಿಟ್ಟಿತು. ಮಾತು ದಾವಣಗೆರೆಯ ಹೋಟೆಲನ್ನೂ ಮುಟ್ಟಿತಂತೆ. ಕೆಲವು ವರ್ಷದ ಮೇಲೆ ಅತ್ತೆಯ ತವರಿನಿಂದ ಸುದ್ದಿ ಬಂತು. ಕೈಕಾಲು ನಡುಗುವ ಕಾಯಿಲೆಯಾಗಿ, ಹಾಸಿಗೆ ಹಿಡಿದು, ಅಜ್ಜ ಹೋದರಂತೆ. ಅತ್ತೆ ಅವತ್ತು ಊಟ ಮಾಡಲಿಲ್ಲ. ಈಗ ಅತ್ತೆಯೂ ಇಲ್ಲ.

ತುಪ್ಪ ಸೀದ ಮೇಲೆ, ಮೂಗಿನ ಡಾಕ್ಟರನ್ನು ಬಿಟ್ಟು ನಾನು ನೇರ ದಾವಣಗೆರೆಯ ನರರೋಗದ ಡಾಕ್ಟರ ಹತ್ತಿರ ಹೋದೆ. ದೊಡ್ಡ ಕಾಯಿಲೆ ಇಲ್ಲ ಅಂತ ದೊಡ್ಡ ಡಾಕ್ಟರೇ ಹೇಳಿದರೆ ನನಗೆ ನಿದ್ದೆ ಬರುವುದು. ಅವರು ಟಾರ್ಚು ಬಿಟ್ಟು ಮೂಗು ನೋಡಿ, ನಡೆಸಿ, ಬೆರಳು ಆಡಿಸಿ, “ನಿಮಗೇನೂ ಇಲ್ಲ, ಮೂಗಿನವರನ್ನು ನೋಡಿ,” ಅಂದರು. ಎದ್ದು ಬರಬಹುದಿತ್ತು. ಮೂಗಿಗೂ ತಲೆಗೂ ಏನು ಸಂಬಂಧ ಸಾರ್ ಅಂತ ಕೇಳಿದೆ.

ಒಳ್ಳೆಯ ಮನುಷ್ಯ, ಕೂರಿಸಿ ಹೇಳಿದರು. ಮರೆವಿನ ಕಾಯಿಲೆ, ನಡುಕದ ಕಾಯಿಲೆ ಎರಡರಲ್ಲೂ ವಾಸನೆಯ ನರಗಳು ಬೇಗ ಕೆಡುತ್ತವಂತೆ. ನಡುಕದ ಕಾಯಿಲೆಯಲ್ಲಿ ಮಿದುಳಿನ ಕೋಶಗಳ ಒಳಗೆ ಒಂದು ಪ್ರೋಟೀನು ಗಂಟುಗಂಟಾಗಿ ಕೂರುತ್ತದೆ, ಕೋಶಗಳು ಸಾಯುತ್ತಾ ಹೋಗುತ್ತವೆ. ಕಂಪ್ಯೂಟರಿನಲ್ಲಿ ಎರಡು ಚಿತ್ರ ತೋರಿಸಿದರು, ಸತ್ತವರ ಮಿದುಳನ್ನು ಅಡ್ಡಕ್ಕೆ ಕೊಯ್ದದ್ದು. ಒಂದರಲ್ಲಿ ಹುಬ್ಬು ತಿದ್ದಿದ ಹಾಗೆ ಎರಡು ಕಪ್ಪು ಗೆರೆ. ಇನ್ನೊಂದರಲ್ಲಿ ಆ ಜಾಗ ಮಾಸಿ, ಸುತ್ತಲಿನ ಬಣ್ಣಕ್ಕೇ ತಿರುಗಿತ್ತು. ಕೈ ನಡುಗುವುದು ಕಾಣುವ ಹೊತ್ತಿಗೆ ಆ ಕಪ್ಪಿನಲ್ಲಿ ಬಹಳಷ್ಟು ಹೋಗಿರುತ್ತದೆ, ಮೂಗು ಅದಕ್ಕೂ ಎಷ್ಟೋ ವರ್ಷ ಮೊದಲೇ ಹೋಗಿರಬಹುದು ಅಂದರು. ಮುಖ ಬಿಗಿದು ಭಾವವೇ ಕಾಣದ ಹಾಗಾಗುತ್ತದೆ, ದನಿ ಸಣ್ಣದಾಗುತ್ತದೆ, ಒಂದು ಕೈ ಬೀಸುವುದು ನಿಲ್ಲುತ್ತದೆ...

“ವಾಸನೆ ಹೋಗಿದ್ದು ಅವರಿಗೆ ಗೊತ್ತಾಗಲ್ವಾ ಸಾರ್?”

“ಎಷ್ಟೋ ಜನಕ್ಕೆ ಗೊತ್ತಾಗಲ್ಲಮ್ಮ. ನಿಧಾನಕ್ಕೆ ಹೋಗುತ್ತಲ್ಲ.”

ಆಚೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತೆ. ನನಗೇನೂ ಇಲ್ಲ ಅಂತ ಗೊತ್ತಾದ ಮೇಲೂ ಎದ್ದು ಮನೆಗೆ ಹೊರಡದೆ ಕೂತದ್ದು ಅದೇ ಮೊದಲು.

ಮೂಗಿನ ಸಣ್ಣ ಆಪರೇಷನ್ ಮುಗಿದ ಮೇಲೆ ಬಿಳಿಚೋಡಿಗೆ, ಬೆಣ್ಣೆಯಜ್ಜನ ಮನೆಗೆ ಹೋದೆ. ಬಾಗಿಲಿಗೆ ಬೀಗ ಇರಬಹುದು, ನಾಯಿ ಕಚ್ಚಬಹುದು, ಅವರ ಹೆಂಡತಿ, ಅಜ್ಜಿ, ಗುರುತು ಹಿಡಿದು ಬೈದು ಅಟ್ಟಬಹುದು ಅಂತ ಬಸ್ಸಿನುದ್ದಕ್ಕೂ ಲೆಕ್ಕ ಹಾಕಿದೆ. ಅಜ್ಜಿ ಅಂಗಳದಲ್ಲಿ ಕೂತು ಶೇಂಗಾ ಬಿಡಿಸುತ್ತಿದ್ದರು. ಇಂಥವಳು ಅಂತ ಹೇಳಿಕೊಂಡೆ. “ಬಾ ತಾಯಿ, ಕುಂದ್ರು,” ಅಂತ ಗೋಣಿಚೀಲ ಹಾಸಿದರು.

ಡಾಕ್ಟರು ಹೇಳಿದ್ದನ್ನೆಲ್ಲ ನನಗೆ ತಿಳಿದ ಹಾಗೆ ಹೇಳಿದೆ. ಬೆಣ್ಣೆ ಕಮಟು ಆಗಿದ್ದು ಅಜ್ಜನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ ಅಂದೆ. ಅಜ್ಜಿಯ ಕೈ ಶೇಂಗಾದ ಮೇಲೆ ನಿಂತಿತು.

“ಅವತ್ತು ನಂಗೂ ವಾಸನೆ ಬಂದಿತ್ತು. ಕ್ಯಾನು ತುಂಬೋವಾಗ,” ಅಂದರು. “ಅವರ ಮೂಗಿನ ಮುಂದೆ ನಂದೇನು ಅಂತ ಸುಮ್ಮನಾದೆ.”

ಮಡಿಲಿನ ಸಿಪ್ಪೆ ಕೊಡವಿ ಕೇಳಿದರು. “ಹಂಗಾದ್ರೆ, ಬೇಕಂತ ಮಾಡಿದ್ದಲ್ಲ?”

ಈ ಹೆಂಗಸು ಅಷ್ಟು ವರ್ಷ ಅವರಿಗೆ ಅನ್ನ ಕಲಸಿ ತಿನ್ನಿಸಿದ್ದಾರೆ, ಮೈ ತೊಳೆದಿದ್ದಾರೆ, ಮಗ್ಗುಲು ಬದಲಿಸಿದ್ದಾರೆ. ಈ ಪ್ರಶ್ನೆಯನ್ನು ಇಟ್ಟುಕೊಂಡೇ.

“ಅಲ್ಲವ್ವಾ. ಬೇಕಂತ ಮಾಡಿದ್ದಲ್ಲ.”

“ಅವರೂ ಹಂಗೇ ಅಂತಿದ್ರು. ನಾಲಿಗೆ ತೊಡರೋ ತನಕ ಅಂದ್ರು...”

ಅಷ್ಟರಲ್ಲಿ ಮಗ ಬಂದ. ಅವನಿಗೂ ನನ್ನಷ್ಟೇ ವಯಸ್ಸು, ತಲೆಯ ಮೇಲೆ ಮೇವಿನ ಹೊರೆ. ಅಜ್ಜಿ ಕೂಗಿ ಕರೆದರು. “ಇಲ್ಲಿ ಬಾರೋ. ಇವರೇನೋ ಹೇಳ್ತಾರೆ ಕೇಳು. ತಾಯಿ, ಅವನಿಗೂ ಹೇಳ್ರಿ. ಅವನೂ ಹಂಗೇ ತಿಳಕೊಂಡಾನೆ.”

ಮತ್ತೆ ಮೊದಲಿನಿಂದ ಹೇಳಿದೆ. ಮೂಗು, ನರ, ಮಾಸಿದ ಕಪ್ಪು ಗೆರೆ. ಅವನು ಹೊರೆ ಇಳಿಸದೆಯೇ ನಿಂತು ಕೇಳಿದ. ನಿಮ್ಮಪ್ಪ ಮೋಸ ಮಾಡಲಿಲ್ಲ ಅಂದೆ, ನಾನೇ ಬೀದಿಯಲ್ಲಿ ನಿಂತು ಹಾಗಂದವಳು ಅಂತಲೂ ಅಂದೆ.

“ಅಪ್ಪ ಇದ್ದಾಗ ಬರಬೇಕಿತ್ರೀ,” ಅಂದ. ಸಿಟ್ಟಿನಿಂದ ಏನಲ್ಲ. ಹೊರೆ ಹೊತ್ತು ಕೊಟ್ಟಿಗೆಯ ಕಡೆಗೆ ಹೋದ. ಹಗ್ಗ ಬಿಚ್ಚಿ ಮೇವು ಕೊಡವುವ ಸದ್ದು ಬಂತು. ಬಹಳ ಹೊತ್ತಾದರೂ ಅವನು ಹೊರಗೆ ಬರಲಿಲ್ಲ.

“ಬಸ್ಸು ಎಷ್ಟೊತ್ತಿಗೈತೆ ನಿಂಗೆ?” ಅಂತ ಅಜ್ಜಿ ಕೇಳಿದರು. ಹೇಳಿದೆ. ಅವರ ಮೊರದ ಪಕ್ಕಕ್ಕೆ ಸರಿದು, ನಾನೂ ಒಂದು ಹಿಡಿ ಶೇಂಗಾ ತೆಗೆದುಕೊಂಡು ಬಿಡಿಸತೊಡಗಿದೆ.